ಒಡೆಯುವವನ ಬೆಲೆ, ವಾಸಿಸುವವನ ಬೆಲೆ

ಹಳೆಯ ಮನೆ ಕೊಳ್ಳಲು ಹೊರಟು ನನ್ನಲ್ಲಿಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಈ ಮನೆಗೆ ಎಷ್ಟು ಬೆಲೆಯಾಗಬಹುದು?" ಹಳೆಯ ಮನೆಗಳ ಮಾಡು, ಎಂದರೆ ಛಾವಣಿ, ಬಿಚ್ಚಿ ಮತ್ತೆ ಕಟ್ಟಿಸುವ ಕೆಲಸದಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಮಂಜೇಶ್ವರದ ಕಡೆ ಎಷ್ಟೋ ಅಟ್ಟಗಳನ್ನು ಹತ್ತಿ ಇಳಿದಿದ್ದೇನೆ. ಆದರೂ ಆ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ. ಅಂಥ ಮನೆಗೆ ಪೇಟೆಯಲ್ಲಿ ಬೆಲೆ ಎಂಬುದೇ ಇರುವುದಿಲ್ಲ.

ಪೇಟೆಯ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗ, ಅದರಲ್ಲಿ ಎಂಟು ವರ್ಷ ಹಳೆಯ ತಾರಸಿ ಮನೆ ಇದ್ದರೆ ಕಷ್ಟವಿಲ್ಲ. ಪಕ್ಕದ ಓಣಿಯಲ್ಲಿ ಅಂಥದೇ ಮನೆ ಕಳೆದ ವರ್ಷ ಹೋದ ಬೆಲೆ ಗೊತ್ತಿರುತ್ತದೆ, ಸ್ವಲ್ಪ ಕೂಡಿಸಿ ಸ್ವಲ್ಪ ಕಳೆದರೆ ಲೆಕ್ಕ ಮುಗಿಯಿತು. ನಾಲ್ಕು ಸುತ್ತಿನ ತೊಟ್ಟಿ ಮನೆ ಹಾಗಲ್ಲ. ಅದು ಊರಿಗೆ ಒಂದೋ ಎರಡೋ. ಅವು ಮಾರಾಟವಾದದ್ದೇ ಇಲ್ಲ, ಪಾಲಾಗಿವೆ ಅಷ್ಟೆ. ಹೋಲಿಸಿ ನೋಡಲು ಇನ್ನೊಂದಿಲ್ಲದ ವಸ್ತುವಿಗೆ ಬೆಲೆ ಕೇಳುವ ಬದಲು ಎರಡು ಬೇರೆ ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಒಡೆಯುವವನು ಎಷ್ಟು ಕೊಡುತ್ತಾನೆ? ಇದರಲ್ಲಿ ವಾಸಿಸುವ ನನಗೆ ಎಷ್ಟರವರೆಗೆ ಪೂರೈಸುತ್ತದೆ? ಈ ಸಭೆಯಲ್ಲಿ ಇವತ್ತಿನ ನನ್ನ ಮಾತೆಲ್ಲ ಈ ಎರಡು ಅಂಕಿಗಳ ಬಗ್ಗೆ.

ಒಂದು ಮನೆಯನ್ನು ಇಟ್ಟುಕೊಂಡೇ ಹೇಳುತ್ತೇನೆ. ಊರು, ಮನೆತನ ಹೇಳುವುದಿಲ್ಲ, ಅಂಕಿಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಡಾಮರು ರಸ್ತೆಯಿಂದ ಒಳಗೆ ಹೋದರೆ ಗುಡ್ಡದ ತಪ್ಪಲಿನಲ್ಲಿ ಮನೆ. ಅಂಗಳ, ಜಗಲಿ, ಚಾವಡಿ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕೋಣೆಗಳು, ಒಂದು ಬದಿಗೆ ಉಪ್ಪರಿಗೆ, ಹಲಸಿನ ಹಲಗೆಯ ಮುಚ್ಚಿಗೆ. ಹಿಂದೆ ಗುಡ್ಡದೊಳಗೆ ನೀರಿಗಾಗಿ ಕೊರೆದ ಒಂದು ಸುರಂಗ, ಬೇಸಗೆಯಲ್ಲೂ ನೀರು ಬತ್ತದು. ಈಶಾನ್ಯದಲ್ಲಿ ಕುಟುಂಬದವರು ನಾಗನನ್ನು ಪೂಜಿಸುವ ನಾಗಬನ. ಒಟ್ಟು 62 ಸೆಂಟ್ಸ್. ಪಾಲುದಾರರು ಹನ್ನೊಂದು ಮಂದಿ. ಇಬ್ಬರು ಗಲ್ಫಿನಲ್ಲಿ, ಕೆಲವರು ಮುಂಬೈಯಲ್ಲಿ, ಉಳಿದವರು ಇಲ್ಲೇ ಸುತ್ತಮುತ್ತ. ಮನೆಯಲ್ಲಿ ಇದ್ದವರು ಹಿರಿಯ ಅಕ್ಕ ಒಬ್ಬರೇ. ಕೊಳ್ಳಲು ಬಂದವರು ಬೆಂಗಳೂರಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಆಕೆಯ ತಾಯಿಯ ತವರು ನೀರ್ಚಾಲಿನ ಹತ್ತಿರ. ಮಾರುವವರು ಹೇಳಿದ ಬೆಲೆ 85 ಲಕ್ಷ.

ಯಾರಾದರೂ ಬೆಲೆ ಹೇಳಿದರೆ "ಜಾಸ್ತಿಯಾಯಿತು" ಎನ್ನುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಿ. ಕೇಳಿದೆ. ಸೆಂಟ್ಸಿಗೆ ಒಂದು ಲಕ್ಷದಂತೆ ಜಾಗಕ್ಕೆ 62, ಮನೆಗೆ 23. ಸೆಂಟ್ಸಿಗೆ ಒಂದು ಲಕ್ಷ ಎಂಬುದು ಆ ಕಡೆಗೆ ತಪ್ಪು ಅಂಕಿಯೇನಲ್ಲ. ತಪ್ಪಿದ್ದದ್ದು 62ರಲ್ಲಿ.

ವಿಲೇಜ್ ಆಫೀಸಿನ ದಾಖಲೆ ತೆಗೆಸಿದಾಗ 18 ಸೆಂಟ್ಸ್ ನಿಲಂ ಎಂದಿತ್ತು. ಎಂದರೆ ಬಯಲು ಗದ್ದೆ. ಈಗ ಅಲ್ಲಿ ಅಡಿಕೆ ಇದೆ, ಕಣ್ಣಿಗೆ ತೋಟವಾಗಿಯೇ ಕಾಣುತ್ತದೆ. ಆದರೆ ಕೇರಳದಲ್ಲಿ 2008ರಿಂದ ಗದ್ದೆ ಮತ್ತು ಜೌಗು ಭೂಮಿಯ ಸಂರಕ್ಷಣಾ ಕಾಯ್ದೆ ಇದೆ. ದಾಖಲೆಯಲ್ಲಿ ನಿಲಂ ಎಂದಿರುವ ಜಾಗದಲ್ಲಿ ಮನಸ್ಸು ಬಂದ ಹಾಗೆ ಮಣ್ಣು ತುಂಬಿಸಿ ಕಟ್ಟಲಾಗುವುದಿಲ್ಲ. ಅದರ ಬೆಲೆ ಪುರಯಿಡದ, ಎಂದರೆ ಮನೆ ಕಟ್ಟಬಹುದಾದ ಒಣ ಜಾಗದ, ಬೆಲೆಯಲ್ಲ. ಸೆಂಟ್ಸಿಗೆ 25 ಸಾವಿರದಂತೆ ಹಿಡಿದೆವು, ನಾಲ್ಕೂವರೆ ಲಕ್ಷ. ಉಳಿದ 44 ಸೆಂಟ್ಸಿನಲ್ಲಿ ನಾಗಬನ ಮತ್ತು ಅಲ್ಲಿಗೆ ಹೋಗುವ ದಾರಿ ಸೇರಿ 5 ಸೆಂಟ್ಸ್. ಅದನ್ನು ನೀವು ಕೊಂಡರೂ ಅದು ನಿಮ್ಮದಾಗುವುದಿಲ್ಲ. ನಮ್ಮ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಿಜವಾಗಿ ಬೆಲೆ ಕಟ್ಟುವ ಜಾಗ 39 ಸೆಂಟ್ಸ್.

ಇನ್ನೊಂದು ಇದೆ. ಮನೆಯ ಹಿಂದಿನ ಗುಡ್ಡವನ್ನು ತೋರಿಸಿ "ಅಲ್ಲಿಯವರೆಗೂ ನಮ್ಮದೇ" ಎಂದರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತಲೆತಲಾಂತರದಿಂದ ಅಲ್ಲಿಂದ ಸೊಪ್ಪು, ಸೌದೆ ತಂದವರು ಅವರು. ಅದು ಕುಮ್ಕಿ. ಹಳೆಯ ದಕ್ಷಿಣ ಕನ್ನಡದಲ್ಲಿ ವರ್ಗ ಜಾಗದ, ಎಂದರೆ ಕಂದಾಯ ದಾಖಲೆಯಲ್ಲಿ ಒಬ್ಬರ ಹೆಸರಿನಲ್ಲಿರುವ ಜಾಗದ, ಪಕ್ಕದ ಸರಕಾರಿ ಜಾಗದಲ್ಲಿ ವರ್ಗದಾರನಿಗೆ ಇದ್ದ ಅನುಕೂಲ ಅದು, ಒಡೆತನವಲ್ಲ. ಕಣ್ಣಿಗೆ ಕಾಣುವುದಕ್ಕೆಲ್ಲ ಬೆಲೆ ಕಟ್ಟುವವರು ಈ ಗುಡ್ಡಕ್ಕೂ ದುಡ್ಡು ಕೊಟ್ಟುಬಿಡುತ್ತಾರೆ. ಅಳತೆ ಮಾಡಿಸದೆ ಅಂಕಿ ಬಾಯಿಗೆ ಬರಬಾರದು.

ಈಗ ಮನೆ. ಒಡೆಯುವವನಿಗೆ ಅದು ಮನೆಯಲ್ಲ, ಘನ ಅಡಿ. ಹಳೆಯ ಮರದ ವ್ಯಾಪಾರಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಚಾವಡಿಯ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ತೊಲೆಗಳನ್ನು ಎಣಿಸಿದರು, ಬಾಗಿಲ ದಾರಂದದ (ಚೌಕಟ್ಟಿನ) ದಪ್ಪವನ್ನು ಗೇಣಿನಲ್ಲಿ ಅಳೆದರು. ತೊಟ್ಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹಲಸು, ತೇಗ, ಕೆಲವು ಬೋಗಿ ಮರದ ತೊಲೆಗಳು, ಹಂಚು, ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಎಲ್ಲ ಸೇರಿ, ಬಿಚ್ಚುವ ಕೂಲಿ ಮತ್ತು ಲಾರಿ ಬಾಡಿಗೆ ಕಳೆದು, ಕೈಗೆ ಏಳು ಲಕ್ಷ ಕೊಡಬಹುದೆಂದರು. 39, ನಾಲ್ಕೂವರೆ, ಏಳು: ಐವತ್ತೂವರೆ ಲಕ್ಷ. ಇದು ಅಡಿಯ ಅಂಕಿ. ಇದಕ್ಕಿಂತ ಕೆಳಗೆ ಮಾರುವವರು ಇಳಿಯಬೇಕಾದ ಅಗತ್ಯವೇ ಇಲ್ಲ. ಜಾಗವನ್ನು ತುಂಡು ಮಾಡಿ ಮಾರುವವನು ಮತ್ತು ಈ ಮರದ ವ್ಯಾಪಾರಿ ಸೇರಿ ಇಷ್ಟನ್ನು ನಾಳೆಯೇ ಕೊಡುತ್ತಾರೆ.

ದಯವಿಟ್ಟು ಇದನ್ನು ಗಮನಿಸಿ. ನಿಮ್ಮ ಹಾಗೆ ತೊಟ್ಟಿ ಮನೆಯನ್ನು ಪ್ರೀತಿಸುವ ಇನ್ನೊಬ್ಬರು ಹೆಚ್ಚು ಕೊಟ್ಟು ಕೊಂಡುಬಿಡುತ್ತಾರೆ ಎಂದು ನೀವು ಹೆದರುತ್ತೀರಿ. ನಮ್ಮ ಜಿಲ್ಲೆಯಲ್ಲಿ ಅಂಥವರು ಬಹಳ ಕಡಿಮೆ. ನಿಮ್ಮ ಎದುರು ನಿಂತಿರುವವನು ಒಡೆಯುವವನು. ಅವನಿಗೆ ಮನೆಯ ಮೇಲೆ ಮೋಹವಿಲ್ಲ, ಅವನ ಅಂಕಿ ಲೆಕ್ಕದಿಂದ ಬಂದದ್ದು, ಅದಕ್ಕಿಂತ ಒಂದು ಪೈಸೆ ಮೇಲೆ ಏರುವುದಿಲ್ಲ. ನೀವು ಗೆಲ್ಲಬೇಕಾದದ್ದು ಅವನನ್ನು. ಈ ಮಾತು ತಿಳಿದರೆ ಅರ್ಧ ಅವಸರ ತಾನಾಗಿ ಇಳಿಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆಮೇಲೆ ಆ ಮನೆಯ ಅಕ್ಕ ಕೊಳ್ಳಲು ಬಂದ ನಮ್ಮ ಹುಡುಗಿಯೊಡನೆ ಹೇಳಿದರಂತೆ, "ಮರದವರು ಬಂದು ತಟ್ಟಿ ನೋಡಿ ಹೋದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಗಳೇ." ಅದು ನನ್ನಿಂದ ಆದ ತಪ್ಪು. ಇರುವವರ ಎದುರಿಗೇ ಅವರ ಮನೆಯನ್ನು ಸೌದೆಯ ಹಾಗೆ ಅಳೆಯಿಸಬಾರದಾಗಿತ್ತು. ಅಂದಿನಿಂದ ನಾನೇ ತೊಲೆ, ಕಂಬ, ಬಾಗಿಲುಗಳ ಅಳತೆ ಬರೆದುಕೊಂಡು ಹೋಗಿ ವ್ಯಾಪಾರಿಯ ಅಂಗಡಿಯಲ್ಲೇ ಕೇಳುತ್ತೇನೆ. ಅಂಕಿಯಲ್ಲಿ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಹಂಚಿನ ವಿಷಯ ಬಂತಲ್ಲ, ಸ್ವಲ್ಪ ದಾರಿ ತಪ್ಪುತ್ತೇನೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ನೇತ್ರಾವತಿಯ ದಡದಲ್ಲಿ ಬೇರೆ ಬೇರೆ ಕಾರ್ಖಾನೆಗಳು ಎದ್ದವು. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಾರುವವರು "ಮುನ್ನೂರು ವರ್ಷದ ಮನೆ" ಎಂದಾಗ ನಾನು ಅಟ್ಟ ಹತ್ತಿ ಹಂಚನ್ನು ತಿರುಗಿಸಿ ನೋಡುತ್ತೇನೆ. ಕೆಳಗಿನ ಗೋಡೆ ಹಳೆಯದಿರಬಹುದು, ಮುಳಿಹುಲ್ಲು ಹೊದೆಸಿದ್ದ ಕಾಲದ್ದೇ ಇರಬಹುದು. ಆದರೆ ಹಂಚು ಹೊತ್ತ ಮಾಡಿನ ಮರ ಹೆಚ್ಚಾಗಿ ಹಂಚಿನ ಭಾರಕ್ಕೆಂದೇ ಆಮೇಲೆ ಕಟ್ಟಿದ್ದು. ವಯಸ್ಸಿಗೆ ದುಡ್ಡು ಕೊಡಬೇಡಿ. ಮರದ ಸ್ಥಿತಿಗೆ ಕೊಡಿ.

ಆ ಸ್ಥಿತಿ ಏಪ್ರಿಲಿನಲ್ಲಿ ಕಾಣುವುದಿಲ್ಲ. ಬೇಸಗೆಯ ಸಂಜೆ ಯಾವ ಹಳೆಯ ಮನೆಯೂ ಸುಂದರವೇ. ತೊಟ್ಟಿಗೆ ಓರೆ ಬಿಸಿಲು ಬಿದ್ದಿರುತ್ತದೆ, ಕೆಂಪು ನೆಲ ತಣ್ಣಗಿರುತ್ತದೆ, ಮಜ್ಜಿಗೆ ಕೊಡುತ್ತಾರೆ, ನೀವು ಮನಸ್ಸಿನಲ್ಲೇ ಮಂಚ ಹಾಕಿಬಿಡುತ್ತೀರಿ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಮನೆಯನ್ನು ಜುಲೈಯಲ್ಲಿ ಇನ್ನೊಮ್ಮೆ ನೋಡಬೇಕು, ಮಳೆ ಬೀಳುತ್ತಿರುವಾಗಲೇ.

ನಾವು ಹೋದೆವು. ತೊಟ್ಟಿಯ ನಾಲ್ಕು ಒಳಮೂಲೆಗಳಲ್ಲಿ ಎರಡೆರಡು ಮಾಡುಗಳ ನೀರು ಒಂದೇ ಕಾಲುವೆಗೆ ಬಂದು ಸೇರುತ್ತದೆ. ತೊಟ್ಟಿ ಮನೆ ಸಾಯುವುದಿದ್ದರೆ ಅಲ್ಲಿಂದಲೇ ಶುರು. ಮೂರು ಮೂಲೆ ಸರಿಯಾಗಿತ್ತು. ನೈಋತ್ಯದ ಮೂಲೆಯಲ್ಲಿ ಕಾಲುವೆಯ ತಗಡು ಎಂದೋ ತೂತಾಗಿ, ಅದರ ಮೇಲೆ ಪ್ಲಾಸ್ಟಿಕ್ ಹೊದೆಸಿ, ಆ ಪ್ಲಾಸ್ಟಿಕ್ಕಿನ ಮೇಲೆ ಎಲೆ ಕೊಳೆತು ಮಣ್ಣಾಗಿ, ಅದರಲ್ಲಿ ಒಂದು ಅಶ್ವತ್ಥದ ಗಿಡ ಹುಟ್ಟಿತ್ತು. ಏಣಿ ಇಟ್ಟು ಹತ್ತಿದೆ. ಗೋಡೆಯ ತಲೆಯ ಮೇಲೆ ಮಲಗಿದ ಅಡ್ಡಮರ ಹೊರಗಿನಿಂದ ಕಪ್ಪಗೆ ಗಟ್ಟಿಯಾಗಿ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದೆ. ಹಿಡಿಯವರೆಗೂ ಹೋಯಿತು. ಹೊರಗೆಳೆದಾಗ ಒದ್ದೆ ಕಾಫಿ ಪುಡಿಯಂಥದ್ದು ಅಂಟಿಕೊಂಡು ಬಂತು. ಅದರ ಪಕ್ಕದ ನಾಲ್ಕು ಪಕ್ಕಾಸುಗಳ (ಹಂಚು ಹೊರುವ ಇಳಿಜಾರು ಮರಗಳ) ತುದಿ ಒರಲೆ ತಿಂದು ಟೊಳ್ಳು. ಐದನೆಯದು ಗಟ್ಟಿ, ತಟ್ಟಿದರೆ ಗಂಟೆಯ ಹಾಗೆ ಸದ್ದು. ಹಾಳು ಎಲ್ಲಿ ನಿಂತಿದೆ ಎಂದು ಗೊತ್ತಾದದ್ದೇ ನಮಗೆ ಸಿಕ್ಕ ದೊಡ್ಡ ಮಾಹಿತಿ. ಇಡೀ ಮಾಡು ಹೋಗಿದೆ ಎಂಬುದಕ್ಕೂ ಒಂದು ಮೂಲೆ ಹೋಗಿದೆ ಎಂಬುದಕ್ಕೂ ಲಕ್ಷಗಟ್ಟಲೆ ವ್ಯತ್ಯಾಸ.

ಗೋಡೆಯನ್ನು ನೋಡುವುದು ಕೆಳಗಿನಿಂದ. ಮುರಕಲ್ಲು ಒಳ್ಳೆಯ ಕಲ್ಲು, ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಹಳಬರು ಮಣ್ಣಿನ ಗಾರೆಯಲ್ಲಿ ಕಟ್ಟಿ ಸುಣ್ಣ ಹಚ್ಚಿದ್ದು ಗೋಡೆ ಉಸಿರಾಡಲೆಂದು. ಆಮೇಲೆ ಬಂದವರು ಚಂದ ಕಾಣಲೆಂದು ಸಿಮೆಂಟು ಬಳಿಯುತ್ತಾರೆ. ನೆಲದಿಂದ ಏರಿದ ತೇವ ಹೊರಗೆ ಹೋಗಲಾರದೆ ಒಳಗೇ ಉಳಿದು ಗಾರೆಯನ್ನು ಕರಗಿಸುತ್ತದೆ. ಮೊಣಕಾಲೆತ್ತರದವರೆಗೆ ಹೊಸ ಸಿಮೆಂಟು ಕಂಡರೆ ನನಗೆ ಸಂತೋಷವಾಗುವುದಿಲ್ಲ, ಅದರ ಹಿಂದೆ ಏನಿದೆ ಎಂಬ ಯೋಚನೆ ಬರುತ್ತದೆ.

ರಿಪೇರಿಯ ಲೆಕ್ಕ ಹೀಗೆ ನಿಂತಿತು: ಮಾಡು 9 ಲಕ್ಷ, ವಿದ್ಯುತ್ ಮತ್ತು ನೀರಿನ ಪೈಪು 4, ಬಚ್ಚಲು ಮತ್ತು ಶೌಚಾಲಯ 4, ಗೋಡೆ 3. ಒಟ್ಟು 20. ಅದರ ಮೇಲೆ ಕಾಲು ಭಾಗ, 5 ಲಕ್ಷ, ಬಿಚ್ಚಿದ ಮೇಲೆ ಕಾಣುವುದಕ್ಕೆ. ಆ ಕಾಲು ಭಾಗವನ್ನು ನಾನು ಯಾರಿಗೂ ಬಿಟ್ಟುಕೊಡಲು ಬಿಡುವುದಿಲ್ಲ. ಹಳೆಯ ಮನೆ ಬಿಚ್ಚಿದ ಮೇಲೆ ಏನಾದರೊಂದು ತೋರಿಸಿಯೇ ತೋರಿಸುತ್ತದೆ.

ಇನ್ನು ಎರಡನೆಯ ಅಂಕಿ, ನಿಮ್ಮ ಮೇಲಿನ ಮಿತಿ. ಗಂಡ ಹೆಂಡತಿಯನ್ನು ಕೂರಿಸಿ ಕೇಳಿದೆ: ಈ ಮನೆ ಸಿಗದಿದ್ದರೆ ಏನು ಮಾಡುತ್ತೀರಿ? ಇದೇ ಸುತ್ತಿನಲ್ಲಿ 25 ಸೆಂಟ್ಸ್ ತೆಗೆದು 1,800 ಚದರ ಅಡಿಯ ಮನೆ ಕಟ್ಟುತ್ತೇವೆ ಎಂದರು. ಸರಿ, ಜಾಗಕ್ಕೆ 25 ಲಕ್ಷ. ನೋಂದಣಿಗೆ ಕೇರಳದಲ್ಲಿ ಮುದ್ರಾಂಕ ಶೇಕಡಾ 8, ಶುಲ್ಕ ಶೇಕಡಾ 2, ಸೇರಿ ಎರಡೂವರೆ ಲಕ್ಷ. ಚದರ ಅಡಿಗೆ 2,300 ರೂಪಾಯಿಯಂತೆ ಮನೆಗೆ 41 ಲಕ್ಷದ 40 ಸಾವಿರ. ಹತ್ತಿರ ಹತ್ತಿರ 69 ಲಕ್ಷಕ್ಕೆ ಅವರಿಗೆ ಒಂದು ಹೊಸ ಬದುಕು ಸಿಗುತ್ತದೆ. ಹಳೆಯ ಮನೆ ಈ 69ರ ಎದುರು ನಿಲ್ಲಬೇಕು.

ಆದರೆ ಹೊಸ ಮನೆಯಲ್ಲಿ ತೊಟ್ಟಿಯಿಲ್ಲ, ಬೋಗಿಯ ತೊಲೆಯಿಲ್ಲ, ಸುರಂಗದ ನೀರಿಲ್ಲ. ಅದಕ್ಕೆ ಎಷ್ಟು? ಈ ಪ್ರಶ್ನೆಗೆ ಎಂಜಿನಿಯರ್ ಉತ್ತರ ಕೊಡಬಾರದು. ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಒಬ್ಬರನ್ನೊಬ್ಬರು ನೋಡದೆ ಬರೆಯಿರಿ ಎಂದೆ. ಆಕೆ 12 ಲಕ್ಷ ಬರೆದಳು, ಆತ 6. ಆ ಸಂಜೆ ಅವರು ಬಹಳ ಹೊತ್ತು ಮಾತಾಡಿದರಂತೆ. ಆಕೆ ಸುರಂಗವನ್ನು ಲೆಕ್ಕಕ್ಕೆ ಹಿಡಿದಿದ್ದಳು, ಆತನಿಗೆ ಅದರ ಬೆಲೆಯೇ ಗೊತ್ತಿರಲಿಲ್ಲ. ಬೆಂಗಳೂರಿನವನು, ನೀರು ನಲ್ಲಿಯಲ್ಲಿ ಬರುತ್ತದೆ ಎಂದುಕೊಂಡವನು. ನಮ್ಮ ಎಣ್ಮಕಜೆ, ಬಾಯಾರಿನ ಕಡೆಯವರನ್ನು ಕೇಳಿ: ಕರೆಂಟು ಇಲ್ಲದೆ, ಪಂಪು ಇಲ್ಲದೆ, ಗುಡ್ಡದಿಂದ ತಾನಾಗಿ ಇಳಿದು ಬರುವ ನೀರು ಎಂದರೆ ಏನೆಂದು ಹೇಳುತ್ತಾರೆ. ಮರುದಿನ ಇಬ್ಬರೂ ಒಪ್ಪಿ ತಂದ ಅಂಕಿ 9. ಈ ಚೀಟಿಯ ಕೆಲಸವನ್ನು ಯಾರೂ ಬಿಡಬೇಡಿ. ಗಂಡನ ಉತ್ಸಾಹದ ಮೇಲೆಯೋ ಹೆಂಡತಿಯ ಆಸೆಯ ಮೇಲೆಯೋ ಕೊಂಡ ಮನೆಗಳಲ್ಲಿ ಹತ್ತು ವರ್ಷ ಜಗಳ ನಿಂತಿರುವುದನ್ನು ನೋಡಿದ್ದೇನೆ.

ಅವರಿಗೆ ಬೇಕಾದ 25 ಸೆಂಟ್ಸ್ ಮೀರಿದ 14 ಸೆಂಟ್ಸ್ ಮತ್ತು ಬಯಲಿನ ಅಡಿಕೆಗೆ ಪೇಟೆ ಬೆಲೆಯ ಅರ್ಧ ಮಾತ್ರ ಹಿಡಿದೆವು, ಸುಮಾರು ಒಂಬತ್ತು ಲಕ್ಷ. ಬೇಡದ ವಸ್ತುವಿಗೆ ಪೂರ್ಣ ಬೆಲೆ ಏಕೆ ಕೊಡಬೇಕು? 69, 9, 9 ಸೇರಿ 87. ರಿಪೇರಿಯ 25 ಕಳೆದರೆ 62. ಆ 62ರೊಳಗೇ ಈ ಮನೆಯ ನೋಂದಣಿಯ ಶೇಕಡಾ ಹತ್ತೂ ಹೋಗಬೇಕು. ಹಾಗಾದರೆ ಕೊಡಬಹುದಾದ ಬೆಲೆ ಐವತ್ತಾರೂವರೆ ಲಕ್ಷದ ಒಳಗೆ.

ಅಡಿಯಲ್ಲಿ ಐವತ್ತೂವರೆ, ಮೇಲೆ ಐವತ್ತಾರೂವರೆ. ಮಾತಿಗೆ ಇರುವ ಜಾಗ ಆರು ಲಕ್ಷ. ಕೇಳಿದ 85 ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ, ನೋಡಿ. ಕೇಳಿದ ಬೆಲೆಯಲ್ಲಿ ಇಷ್ಟು ಶೇಕಡಾ ಕಳೆದು ಹೇಳಿ ಎಂದು ಸಲಹೆ ಕೊಡುವವರು ಇದ್ದಾರೆ. 85ರಲ್ಲಿ ಶೇಕಡಾ 20 ಕಳೆದರೆ 68. ಹನ್ನೊಂದೂವರೆ ಲಕ್ಷ ಹೆಚ್ಚು ಕೊಟ್ಟು, ಚೌಕಾಸಿ ಮಾಡಿ ಗೆದ್ದೆವೆಂದು ಮನೆಗೆ ಬರುತ್ತಿದ್ದರು. ಒಮ್ಮೊಮ್ಮೆ ಮೇಲಿನ ಅಂಕಿಯೇ ಅಡಿಯ ಅಂಕಿಗಿಂತ ಕೆಳಗೆ ಬರುತ್ತದೆ. ಆಗ ಆ ಮನೆ ನಿಮ್ಮದಲ್ಲ. ನೋವಾಗುತ್ತದೆ, ಆದರೂ ಎದ್ದು ಬರಬೇಕು.

ಗೇರುತೋಟದ ಫಸಲನ್ನು ಮರದ ಮೇಲೇ ಏಲಂ ಹಾಕುವುದನ್ನು ನೀವು ಕಂಡಿದ್ದೀರಿ. ಹತ್ತು ಜನ ಹೂ ನೋಡಿ ಅಂದಾಜು ಮಾಡುತ್ತಾರೆ. ಹತ್ತರಲ್ಲಿ ಒಂದೆರಡು ಅಂದಾಜು ಅತಿಯಾಗಿರುತ್ತದೆ. ಏಲಂ ಯಾರಿಗೆ ಹೋಗುತ್ತದೆ? ಅತಿಯಾಗಿ ಅಂದಾಜು ಮಾಡಿದವನಿಗೇ. ವಸ್ತು ಅಪರೂಪದ್ದಾದಷ್ಟೂ ಅಂದಾಜುಗಳು ದೂರ ದೂರ ಚದುರಿರುತ್ತವೆ, ಗೆದ್ದವನು ಸೋಲುವ ಸಂಭವವೂ ಅಷ್ಟೇ ಹೆಚ್ಚು. ಅದಕ್ಕೇ ಮೇಲಿನ ಅಂಕಿಯನ್ನು ಮಾತುಕತೆಗೆ ಹೋಗುವ ಮೊದಲು ಕಾಗದದಲ್ಲಿ ಬರೆದಿಡಿ ಎನ್ನುವುದು. ಚಾವಡಿಯಲ್ಲಿ ಕೂತ ಮೇಲೆ "ಇನ್ನೊಂದೇ ಲಕ್ಷ" ಎಂಬುದು ಬಹಳ ಸಣ್ಣದಾಗಿ ಕೇಳಿಸುತ್ತದೆ.

ಬ್ಯಾಂಕಿನ ಮಾತನ್ನು ಬೇಗ ಮುಗಿಸುತ್ತೇನೆ. ನೀವು ಒಪ್ಪಿದ ಬೆಲೆಯನ್ನು ಬ್ಯಾಂಕು ಒಪ್ಪಬೇಕೆಂದಿಲ್ಲ. ಮೌಲ್ಯಮಾಪಕರು ಹಳೆಯ ಕಟ್ಟಡಕ್ಕೆ ಸವಕಳಿ ಹಿಡಿದು ಉಳಿಕೆ ಬೆಲೆಯನ್ನಷ್ಟೇ ಬರೆಯುತ್ತಾರೆ. ಈ ಮನೆಗೆ ಎಲ್ಲ ಸೇರಿ 47 ಲಕ್ಷ ಬಂತು. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮೌಲ್ಯದ ಶೇಕಡಾ 80. ಎಂದರೆ ಸಾಲ ಮೂವತ್ತೇಳೂವರೆ ಲಕ್ಷದ ಆಸುಪಾಸು. ನೋಂದಣಿಯ ಖರ್ಚು ಆ ಮೌಲ್ಯದೊಳಗೆ ಸೇರುವುದಿಲ್ಲ. ಬೆಲೆ, ನೋಂದಣಿ, ಮೊದಲ ವರ್ಷದ ರಿಪೇರಿಯ 20 ಲಕ್ಷ ಕೂಡಿಸಿ ಸಾಲ ಕಳೆದರೆ ಕೈಯಿಂದ ಹಾಕಬೇಕಾದದ್ದು 44 ಲಕ್ಷ. ಅದು ಅವರಲ್ಲಿತ್ತು. ಇಲ್ಲದಿದ್ದರೆ ಮೇಲಿನ ಅಂಕಿ ಇನ್ನೂ ಇಳಿಯುತ್ತಿತ್ತು. ಆಧಾರದಲ್ಲಿ, ಎಂದರೆ ಕ್ರಯಪತ್ರದಲ್ಲಿ, ಕಡಿಮೆ ತೋರಿಸೋಣ, ಉಳಿದದ್ದು ಕೈಯಲ್ಲಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾನೂನಿನ ಮಾತು ಹಾಗಿರಲಿ, ಹನ್ನೊಂದು ಪಾಲುದಾರರ ನಡುವೆ ಕೈಯಲ್ಲಿ ಹೋದ ಹಣ ಯಾರಿಗೆ ಎಷ್ಟು ತಲುಪಿತು ಎಂಬ ಜಗಳಕ್ಕೆ ನೀವು ಸಾಕ್ಷಿಯಾಗುತ್ತೀರಿ.

ಕಾಗದಪತ್ರದ ಬಗ್ಗೆ ವಕೀಲರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳುವುದು ಬೆಲೆಗೆ ತಾಗುವಷ್ಟು ಮಾತ್ರ. 1956ರ ನವೆಂಬರ್ 1ರ ಮೊದಲು ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಮನೆಯ ಹಳೆಯ ಪತ್ರಗಳು ಕನ್ನಡದಲ್ಲಿದ್ದವು. ಮೂಡು ಬದಿಗೆ ತೋಡು, ಪಡು ಬದಿಗೆ ಇಂಥವರ ವರ್ಗ, ತೆಂಕು ಬದಿಗೆ ಹೊಳೆಗೆ ಹೋಗುವ ದಾರಿ ಎಂದು ಗಡಿ ಬರೆದಿತ್ತು. ಬೆಂಗಳೂರಿನ ಹುಡುಗ ಮೂಡು ಪಡು ಎಂದರೇನೆಂದು ಕೇಳಿದ. ಮೂಡು ಪೂರ್ವ, ಪಡು ಪಶ್ಚಿಮ, ತೆಂಕು ದಕ್ಷಿಣ ಎಂದೆ. ಹೊಸ ಪತ್ರಗಳು ಮಲಯಾಳದಲ್ಲಿ. ಎರಡನ್ನೂ ಓದಬಲ್ಲ ಆಧಾರ ಬರೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರ ಕೈಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿ. ಈ ಜಾಗ ಮೂಲದಲ್ಲಿ ಮೂಲಗೇಣಿಯದ್ದು, ಎಂದರೆ ಶಾಶ್ವತ ಗೇಣಿಯದ್ದಾಗಿತ್ತು. ಕೇರಳದ ಭೂಸುಧಾರಣೆಯಲ್ಲಿ ಒಡೆಯರ ಹಕ್ಕು 1970ರ ಜನವರಿ 1ರಿಂದ ಸರಕಾರಕ್ಕೆ ಸೇರಿತು, ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟಯ, ಎಂದರೆ ಒಡೆತನದ ಪತ್ರ, ಮಾಡಿಸಿಕೊಂಡರು. ಇವರ ಪಟ್ಟಯ ಸರಿಯಾಗಿತ್ತು. ಅಳಿಯಸಂತಾನದ, ಎಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ, ಕುಟುಂಬವಾದ್ದರಿಂದ ಪಾಲುದಾರರ ಪಟ್ಟಿ ಉದ್ದವಾಗಿತ್ತು. 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದಾಯಿತು, ಅಂದು ಇದ್ದ ಸದಸ್ಯರಿಗೆಲ್ಲ ಪಾಲು ಬಂತು, ತೀರಿಕೊಂಡವರ ಪಾಲು ಅವರವರ ವಾರಸುದಾರರಿಗೆ ಹೋಯಿತು. ಯಜಮಾನಿಕೆ ಒಬ್ಬರದಾದರೂ ಸಹಿ ಎಲ್ಲರದೂ ಬೇಕು.

ಗಲ್ಫಿನಲ್ಲಿರುವವರು ಅಧಿಕಾರಪತ್ರ ಕಳಿಸುವುದಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರೇ ಶೇಕಡಾ 1 ಆದಾಯ ತೆರಿಗೆ ಕಡಿದು ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಆ ಪಾಲಿನ ಕಡಿತ ಇದಕ್ಕಿಂತ ಬಹಳ ಹೆಚ್ಚು. ಇದನ್ನು ಮೊದಲೇ ಹೇಳದಿದ್ದರೆ ಕೊನೆಯ ದಿನ ಗಲ್ಫಿನ ಅಣ್ಣ "ನನ್ನ ಪಾಲು ಏಕೆ ಕಡಿಮೆ" ಎಂದು ಸಿಟ್ಟಾಗುತ್ತಾರೆ. ಆದ್ದರಿಂದ ನೀವು ಹೇಳುವ ಬೆಲೆಯ ಜೊತೆ ಷರತ್ತೂ ಇರಬೇಕು: ಹನ್ನೊಂದು ಸಹಿ, ಸರ್ವೆಯ ಅಳತೆ, ಋಣಭಾರದ ಪತ್ರ. ಅದಾಗುವವರೆಗೆ ಮುಂಗಡ ಸಣ್ಣದು.

ಬೆಲೆ ಹೇಳಲು ಹೋದ ದಿನ ನಾನೂ ಜೊತೆಗಿದ್ದೆ. ಮನೆಯನ್ನು ಹಳಿಯಬಾರದೆಂದು ಅವರಿಗೆ ಮೊದಲೇ ಹೇಳಿದ್ದೆ. ಒರಲೆ ತಿಂದಿದೆ, ಗೋಡೆ ತೇವ ಎಂದು ಮನೆಯ ಮಗಳ ಎದುರು ಪಟ್ಟಿ ಓದಿದರೆ ಬೆಲೆ ಇಳಿಯುವುದಿಲ್ಲ, ಬಾಗಿಲು ಮುಚ್ಚುತ್ತದೆ. ನಮ್ಮ ಹುಡುಗಿ ಜಗಲಿಯಲ್ಲಿ ಕೂತು, "ದೊಡ್ಡಮ್ಮಾ, ನಮಗೆ ಈ ಮನೆ ಬೇಕು, ಒಡೆಯುವುದಕ್ಕಲ್ಲ, ಇರುವುದಕ್ಕೆ. ನಮ್ಮ ಲೆಕ್ಕ ಇದು, ನೀವೂ ನೋಡಿ" ಎಂದು ಕಾಗದವನ್ನೇ ಕೊಟ್ಟಳು. ಬಯಲು ಬೇರೆ, ಪುರಯಿಡ ಬೇರೆ, ನಾಗಬನ ಬೇರೆ ಎಂದು ಅದರಲ್ಲಿ ಬರೆದಿತ್ತು. ಹೇಳಿದ ಬೆಲೆ 53 ಲಕ್ಷ. ಐವತ್ತೂವರೆಗೆ ಇಳಿಯದೆ 53 ಏಕೆ ಎಂದರೆ, ಒಡೆಯುವವನಿಗಿಂತ ಎದ್ದು ಕಾಣುವಷ್ಟು ಹೆಚ್ಚಿರಬೇಕು. ಇಲ್ಲವಾದರೆ ದೂರದಲ್ಲಿರುವ ಪಾಲುದಾರರಿಗೆ ಇವರಿಗೇ ಕೊಡಲು ಕಾರಣವೇನು? ಅವರಿಗೆ ಮನೆಯ ನೆನಪು ದೂರದ್ದು, ಹಣ ಹತ್ತಿರದ್ದು. ಅದನ್ನು ತಪ್ಪೆನ್ನಲಾಗದು.

ಒಂದು ವಾರದಲ್ಲಿ ಮುಂಬೈಯಿಂದ ಫೋನ್ ಬಂತು, 85 ಬಿಟ್ಟು ಮಾತೇ ಇಲ್ಲ ಎಂದು. ಇವರು ಏರಿಸಲಿಲ್ಲ, ಕೋಪಿಸಲೂ ಇಲ್ಲ. ಮಳೆಗಾಲ ಮುಗಿಯಿತು. ಅಷ್ಟರಲ್ಲಿ ಜಾಗ ತುಂಡು ಮಾಡಿ ಮಾರುವವರು ಬಂದು ನೋಡಿ, ನಾಗಬನವನ್ನು ಕಂಡು ನಮ್ಮ ಅಡಿಯ ಅಂಕಿಯ ಹತ್ತಿರವೇ ಹೇಳಿ ಹೋಗಿದ್ದರು. ನವೆಂಬರಿನಲ್ಲಿ ಅಕ್ಕನೇ ಕರೆ ಮಾಡಿದರು. ಅವರ ಮಾತು ಬೆಲೆಯದ್ದಾಗಿರಲಿಲ್ಲ. ನಾಗನಿಗೆ ವರ್ಷಕ್ಕೊಮ್ಮೆ ತಂಬಿಲದ ಪೂಜೆ ನಡೆಯಬೇಕು, ಕುಟುಂಬದವರು ಬಂದು ಹೋಗಲು ದಾರಿ ಬೇಕು, ಅದು ಬರಹದಲ್ಲಿರಬೇಕು. ಈ ಒಂದು ಮಾತನ್ನು ಒಡೆಯುವವನು ಕೊಡಲಾರ, ಇವರು ಕೊಡಬಲ್ಲರು. ಹೇಗೂ ಆ 5 ಸೆಂಟ್ಸಿಗೆ ಇವರು ಬೆಲೆಯನ್ನೇ ಹಿಡಿದಿರಲಿಲ್ಲ. ಆರು ಅಡಿ ಅಗಲದ ದಾರಿ, ಯಾವ ಬದಿಯಿಂದ ಯಾವ ಬದಿಗೆ ಎಂದು ಆಧಾರದಲ್ಲಿ ಬರೆಸಿದರು. ಬೆಲೆ 56ಕ್ಕೆ ನಿಂತಿತು. ಹನ್ನೊಂದು ಸಹಿ ಬೀಳಲು ಮತ್ತೆ ಐದು ತಿಂಗಳು ಹಿಡಿಯಿತು.

ಕೊನೆಯಲ್ಲಿ ಸಭೆಯ ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: ಇದೆಲ್ಲ ಕೊಳ್ಳುವವರಿಗಾಯಿತು, ಮಾರಬೇಕಾದವರು ನಾವೇ ಆದರೆ? ಅವರದು ಬೀಗ ಹಾಕಿದ ಮನೆ, ಮಕ್ಕಳು ಹೊರಗೆ. ನಾನು ಅವರಿಗೆ ಹೇಳಿದ್ದು ಇಷ್ಟು. ಬೀಗ ಹಾಕಿದ ತೊಟ್ಟಿ ಮನೆ ಪ್ರತಿ ಮಳೆಗಾಲದಲ್ಲೂ ವಾಸಿಸುವವನ ಬೆಲೆಯಿಂದ ಜಾರಿ ಒಡೆಯುವವನ ಬೆಲೆಯ ಕಡೆಗೆ ಇಳಿಯುತ್ತದೆ. ನಾನು ಹೇಳಿದ ಮನೆಯಲ್ಲಿ ಒಂದು ಮೂಲೆಯ ತಗಡನ್ನು ಸಮಯಕ್ಕೆ ಬದಲಿಸಿದ್ದರೆ ಮಾಡಿನ ಒಂಬತ್ತು ಲಕ್ಷದಲ್ಲಿ ಹೆಚ್ಚಿನ ಪಾಲು ಮಾರುವವರಿಗೇ ಉಳಿಯುತ್ತಿತ್ತು. ಪೂರ್ತಿ ರಿಪೇರಿ ಮಾಡಿಸಬೇಡಿ, ಸಿಮೆಂಟು ಬಳಿಯಬೇಡಿ, ಬಣ್ಣ ಹೊಡೆಸಬೇಡಿ. ಮೇ ತಿಂಗಳು ಮುಗಿಯುವ ಮೊದಲು ಇಬ್ಬರು ಆಳುಗಳನ್ನು ಮಾಡಿಗೆ ಹತ್ತಿಸಿ, ಒಡೆದ ಹಂಚು ಬದಲಿಸಿ, ನಾಲ್ಕು ಒಳಮೂಲೆಗಳ ಕಾಲುವೆಯಿಂದ ಎಲೆ ತೆಗೆಸಿ. ವಾರಕ್ಕೊಂದು ದಿನ ಯಾರಾದರೂ ಹೋಗಿ ಕಿಟಕಿಗಳನ್ನು ತೆರೆದಿಡಲಿ.